ಹಲಗಲಿಯ ಲಾವಣಿಯೂ ದೇಶಭಕ್ತಿ ಗೀತೆಯೇ

ಮಾನ್ಯ ಸಂಪಾದಕರೇ,

ಆಗಸ್ಟ್ 15ರ ನಿಮಿತ್ತ ನಮ್ಮ ಕಡೆ ಶಾಲಾ ಮಕ್ಕಳಿಗೆ ದೇಶಭಕ್ತಿ ಗೀತೆಗಳ ಸ್ಪರ್ಧೆ ಇತ್ತು. ಹತ್ತನೇ ತರಗತಿಯ ನನ್ನ ಮಗಳು ಮತ್ತು ಅವಳ ಗೆಳತಿಯರು ಹಲಗಲಿ ಬೇಡರ ಲಾವಣಿ ಹಾಡುವುದಾಗಿ ಹೆಸರು ಕೊಟ್ಟಿದ್ದರು. ಅವರಲ್ಲಿ ಒಬ್ಬಳ ಅಜ್ಜ ಹಿಂದೆ ಗೀಗೀ ಮೇಳದಲ್ಲಿ ಡಪ್ಪು ಬಾರಿಸುತ್ತಿದ್ದವರು. ಅವರೇ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದ್ದರು. ಆದರೆ ವೇದಿಕೆ ಹತ್ತುವ ಮೊದಲೇ ಸಂಘಟಕರು ತಡೆದರು. 'ಇದು ಜಾನಪದ ಆತು, ದೇಶಭಕ್ತಿ ಅಲ್ಲ. ಬರೀ ಒಂದೂರಿನ ಕಥಿ ಐತಿ' ಅಂದರು. ಮಕ್ಕಳು ಗೊತ್ತಿದ್ದ ಬೇರೆ ಹಾಡು ಹಾಡಿ ಇಳಿದರು.

ಎಲ್ಲಿ ನಡೆಯಿತು, ಯಾರು ಅಂದರು ಎಂದು ನಾನು ಬರೆಯುವುದಿಲ್ಲ. ಅವರಿಗೆ ಹಾಡಿನ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ಈ ಮಾತು ಅವರೊಬ್ಬರದ್ದಲ್ಲ, ಬಹಳ ಕಡೆ ಇದೇ ತಿಳುವಳಿಕೆ ಇದೆ. ಹಿಮಾಲಯ, ಗಂಗೆ, ಬಾವುಟ ಬಂದರೆ ದೇಶಭಕ್ತಿ. ನಮ್ಮ ತಾಲೂಕಿನ ಊರಿನ ಹೆಸರು ಬಂದರೆ ಜಾನಪದ. ಇದು ಸರಿಯಲ್ಲ ಎನ್ನುವುದಕ್ಕೇ ಈ ಪತ್ರ.

ಹಲಗಲಿ ನಮ್ಮ ಮುಧೋಳ ತಾಲೂಕಿನದು. 1857ರಲ್ಲಿ ಜನರ ಕೈಯಲ್ಲಿದ್ದ ಹತಾರಗಳನ್ನು ಕಸಿದುಕೊಳ್ಳಲು ಕುಂಪಣಿ ಸರ್ಕಾರ ಕಾಯ್ದೆ ತಂದಿತು. ಬೇಡರಿಗೆ ಹತಾರ ಅಂದರೆ ಹೊಟ್ಟೆಪಾಡೂ ಹೌದು, ಮಾನವೂ ಹೌದು. ಪೂಜೇರಿ ಹನುಮ, ಬಾಲ, ಜಡಗ, ರಾಮ ಇವರೆಲ್ಲ ಮುಂದೆ ನಿಂತು, ಕೊಡುವುದಿಲ್ಲ ಅಂದರು. ನವೆಂಬರ್ ತಿಂಗಳ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ 19 ಜನರನ್ನು ಗಲ್ಲಿಗೇರಿಸಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ. ಈ ಕಥೆಯನ್ನೇ ಲಾವಣಿ ಹೇಳುತ್ತದೆ. ಕೊನೆಯಲ್ಲಿ ಕವಿಯ ಅಂಕಿತವಾಗಿ ಕುರ್ತಕೋಟಿಯ ದೇವರು ಕಲ್ಮೇಶನ ಹೆಸರು ಬರುತ್ತದೆ.

ಆ ಲಾವಣಿಯಲ್ಲಿ ಕಾದಾಟದ ಭಾಗ ಚೆನ್ನಾಗಿಯೇ ಇದೆ. ಡಪ್ಪಿನ ಮೇಲೆ ಕೇಳಿದರೆ ಮೈ ಬಿಸಿಯಾಗುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ನಂತರದ ಸಾಲುಗಳು. ಊರು ಬಿದ್ದ ಮೇಲೆ ದಂಡಿನವರು ಮನೆ ಹೊಕ್ಕು ಏನೇನು ಒಯ್ದರು ಎಂದು ಕವಿ ಒಂದೊಂದಾಗಿ ಹೇಳುತ್ತಾನೆ. ಕೊಡಲಿ, ಕುಡ, ಕಬ್ಬಿಣ. ಹಾಲು, ಮೊಸರು, ಬೆಣ್ಣೆ. ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಅಕ್ಕಿ, ಸಕ್ಕರೆ, ಬೆಲ್ಲ. ಗಂಗಾಳ, ಚರಿಗೆ. ಮಂಗಳಸೂತ್ರ. ಬೀಸುವ ಕಲ್ಲನ್ನೂ ಬಿಡಲಿಲ್ಲ.

ನಾನು ಹಿಟ್ಟಿನ ಗಿರಣಿ ನಡೆಸುವವಳು. ದಿನವೂ ಜೋಳ, ಗೋಧಿ, ಕಡಲೆ ನನ್ನ ಕೈಯಿಂದಲೇ ಹಾದು ಹೋಗುತ್ತವೆ. ಅದಕ್ಕೇ ಇರಬೇಕು, ಈ ಬೀಸುವ ಕಲ್ಲು ನನ್ನನ್ನು ಬಿಡುವುದಿಲ್ಲ. ನಮ್ಮ ಅತ್ತೆಯ ಮನೆಯಲ್ಲಿ ಈಗಲೂ ಒಂದು ಕಲ್ಲಿದೆ. ಮೇಲಿನ ಬಿಲ್ಲೆಯನ್ನು ಎತ್ತಲು ಒಬ್ಬರಿಂದ ಆಗುವುದಿಲ್ಲ. ಗೂಟ ಹಿಡಿದೂ ಹಿಡಿದೂ ಕಟ್ಟಿಗೆ ನುಣ್ಣಗಾಗಿದೆ. ಮದುವೆ ಬಂದರೆ ಅದಕ್ಕೆ ಸುಣ್ಣ ಕೆಮ್ಮಣ್ಣು ಹಚ್ಚಿ, ಪೂಜೆ ಮಾಡಿ, ಮುತ್ತೈದೆಯರು ಅರಿಶಿನ ಬೀಸಿ ಪದ ಹೇಳುತ್ತಾರೆ. ಹಿಂದೆ ಬೆಳಗಿನ ಜಾವಕ್ಕೆ ಎದ್ದು ಅದರ ಮುಂದೆ ಕುಳಿತರೆ ಮಾತ್ರ ಮನೆಮಂದಿಗೆ ರೊಟ್ಟಿ. ಅಂಥ ಕಲ್ಲನ್ನು ದಂಡಿನವರು ಏನು ಮಾಡಿಕೊಳ್ಳಲಿಕ್ಕೆ ಒಯ್ದರು? ಕುಂಪಣಿಯ ದಂಡಿಗೆ ಹಲಗಲಿಯ ಬೀಸುಕಲ್ಲು ಬೇಕಿತ್ತೇ? ಬೇಕಿರಲಿಲ್ಲ. ಆ ಊರಲ್ಲಿ ನಾಳೆ ಯಾರೂ ಒಲೆ ಹಚ್ಚಬಾರದು, ಅಷ್ಟೇ. ಕವಿ ಇದನ್ನು ಬಿಡಿಸಿ ಹೇಳುವುದಿಲ್ಲ. ಸಾಮಾನಿನ ಹೆಸರು ಹೇಳುತ್ತಾ ಹೋಗುತ್ತಾನೆ, ಕೇಳುವ ಹೆಣ್ಣುಮಗಳಿಗೆ ತಾನೇ ಗೊತ್ತಾಗುತ್ತದೆ.

ನಾಡಿನ ಮೇಲಿನ ಪ್ರೀತಿ ಇದಕ್ಕಿಂತ ಹತ್ತಿರದಿಂದ ಹೇಗೆ ಹೇಳುವುದು? 'ನಾಡು' ಎಂಬ ಮಾತು ಎತ್ತದೇ, ಕಳೆದುಕೊಂಡ ಉಪ್ಪು ಜೀರಿಗೆಯನ್ನು ಎಣಿಸಿಯೇ ಕವಿ ಕಣ್ಣಲ್ಲಿ ನೀರು ತರಿಸುತ್ತಾನೆ. ಹೆಮ್ಮೆಯೂ ಅದರಲ್ಲೇ ಇದೆ. ಸೋತ ಊರಿನ ಹಾಡಿದು, ಆದರೂ ತಲೆ ತಗ್ಗಿಸಿದ ಹಾಡಲ್ಲ.

ಇನ್ನೊಂದು ವಿಷಯ ಹೇಳಬೇಕು. ಈ ಲಾವಣಿಯನ್ನು ಬರೆದಿಟ್ಟು ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಬ್ರಿಟಿಷ್ ಅಧಿಕಾರಿ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಅವರೇ ಸಂಗ್ರಹಿಸಿದರು. ಅಂದರೆ ಗಲ್ಲಿಗೆ ಹಾಕಿದ ಸರ್ಕಾರ ಇನ್ನೂ ಗಟ್ಟಿಯಾಗಿ ಕುಳಿತಿದ್ದಾಗಲೇ, ಅದರ ಅಧಿಕಾರಿಗೆ ಕೇಳಿಸುವ ಹಾಗೆ, ನಮ್ಮ ಜನ ಊರೂರಲ್ಲಿ ಇದನ್ನು ಹಾಡುತ್ತಿದ್ದರು. ಎಂಥ ಎದೆಗಾರಿಕೆ ನೋಡಿ! ಮುಂದೆ ಸ್ವಾತಂತ್ರ್ಯ ಹೋರಾಟದ ಕಾಲದಲ್ಲೂ ಗಾಂಧಿ, ಖಾದಿ, ಚರಕದ ಮಾತನ್ನು ಓದು ಬರಹ ಬಾರದವರಿಗೆ ಮುಟ್ಟಿಸಿದ್ದು ಇದೇ ಗೀಗೀ ಮೇಳಗಳು, ಇದೇ ಡಪ್ಪು ತುಂತುಣಿ.

'ಒಂದೂರಿನ ಕಥೆ' ಎಂಬ ಆಕ್ಷೇಪಕ್ಕೆ ಬರುತ್ತೇನೆ. ಊರಿನ ಹೆಸರು ಹಿಡಿಯದೆ ನಾಡನ್ನು ಹೊಗಳಿದ ದೊಡ್ಡ ಕವಿ ಕನ್ನಡದಲ್ಲಿ ಯಾರಿದ್ದಾರೆ? ಹತ್ತನೇ ಶತಮಾನದ ಪಂಪನಿಗೆ ತೆಂಕಣ ಗಾಳಿ ಸೋಕಿದರೆ, ಬಿರಿದ ಮಲ್ಲಿಗೆ ಕಂಡರೆ ಬನವಾಸಿಯೇ ನೆನಪು. ಯಾರು ಅಂಕುಶ ಹಾಕಿದರೂ ನನ್ನ ಮನಸ್ಸು ಅದನ್ನೇ ನೆನೆಯುತ್ತದೆ ಅಂದ. ಅದಕ್ಕೂ ಮೊದಲಿನ ಕವಿರಾಜಮಾರ್ಗ ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಎಂದು ಹೇಳಿ ಸುಮ್ಮನಾಗಲಿಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂದು ಊರುಗಳನ್ನೇ ಹೆಸರಿಸಿತು, ಇವುಗಳ ನಡುವಿನದು ಕನ್ನಡದ ತಿರುಳು ಅಂದಿತು. ಕಿಸುವೊಳಲು ಅಂದರೆ ನಮ್ಮ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು. ಒಂಕುಂದ ಅಂದರೆ ಬೆಳಗಾವಿ ಜಿಲ್ಲೆ ಬೈಲಹೊಂಗಲ ತಾಲೂಕಿನ ವಕ್ಕುಂದ. ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣು ಅರಳಿಸುತ್ತಾರೆ. ತಾವು ಬಸ್ಸಿನಲ್ಲಿ ಹೋಗಿ ಬಂದ ಊರು ಅಷ್ಟು ಹಳೆಯ ಪದ್ಯದಲ್ಲಿದೆ ಅಂದರೆ ಯಾರಿಗೆ ಖುಷಿಯಾಗುವುದಿಲ್ಲ?

1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಇಡೀ ದೇಶದ ಸ್ವಾತಂತ್ರ್ಯಕ್ಕಾಗಿ ಸೇರಿದ ಆ ಸಭೆಯಲ್ಲಿ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಹಾಡಿದರು. ಕನ್ನಡ ನಾಡಿನ ಹಾಡು ಹಾಡಿದ್ದರಿಂದ ದೇಶಕ್ಕೆ ಕಡಿಮೆಯಾಯಿತೇ? ನಮ್ಮ ನಾಡಗೀತೆಯಲ್ಲೂ ಕುವೆಂಪು ಕರ್ನಾಟಕವನ್ನು ಭಾರತ ಜನನಿಯ ಮಗಳು ಎಂದೇ ಕರೆದಿದ್ದಾರೆ. ಮಗಳನ್ನು ಹೊಗಳಿದರೆ ತಾಯಿಗೆ ಹಿಗ್ಗೇ ಅಲ್ವಾ? ಹಲಗಲಿ ಆ ಮನೆಯ ಮೊಮ್ಮಗಳು.

ಹಿಮಾಲಯ, ಗಂಗೆಯ ಹಾಡು ಬೇಡ ಎಂದು ನಾನು ಹೇಳುತ್ತಿಲ್ಲ. ನನಗೂ ಬಹಳ ಬಾಯಿಪಾಠ ಇವೆ, ಗಿರಣಿಯ ಸದ್ದಿನಲ್ಲೂ ಗುನುಗುತ್ತೇನೆ. ಆದರೆ ಸ್ಪರ್ಧೆಗಳಲ್ಲಿ ಈಗ ಆಗುತ್ತಿರುವುದೇನು? ಮೊಬೈಲ್‌ನಲ್ಲಿ ಟ್ರ್ಯಾಕ್ ಹಾಕುತ್ತಾರೆ, ಮಕ್ಕಳು ಅದರ ಮೇಲೆ ಕೂಗುತ್ತಾರೆ. ಸೌಂಡು ಜಾಸ್ತಿಯಾದಷ್ಟೂ ಚಪ್ಪಾಳೆ ಜಾಸ್ತಿ. ಹಾಡಿನಲ್ಲಿ ಬರುವ ನದಿ ಯಾವ ಕಡೆ ಹರಿಯುತ್ತದೆ ಎಂದು ಕೇಳಿದರೆ ಹೇಳಲು ಬಾರದು. ಘಟಪ್ರಭೆ ಮಾತ್ರ ಎಲ್ಲರಿಗೂ ಗೊತ್ತು, ಅದು ಹಾಡಿನಲ್ಲಿ ಇಲ್ಲ.

ನವೆಂಬರ್‌ನಲ್ಲಿ ರಾಜ್ಯೋತ್ಸವ ಬರುತ್ತದೆ, ಮತ್ತೆ ಸ್ಪರ್ಧೆಗಳು ಶುರುವಾಗುತ್ತವೆ. ಅಷ್ಟರೊಳಗೆ ನಿಯಮದಲ್ಲಿ ಒಂದು ಸಾಲು ಸೇರಿಸಲಿ: ಲಾವಣಿ, ಗೀಗೀ ಪದಗಳಿಗೂ ಅವಕಾಶವಿದೆ. ಸಮಯವನ್ನೂ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ, ಏಕೆಂದರೆ ಲಾವಣಿ ಕಥೆ ಹೇಳುವ ಹಾಡು, ಅರ್ಧಕ್ಕೆ ಗಂಟೆ ಹೊಡೆದರೆ ಹಲಗಲಿಗೆ ದಂಡು ಬರುವುದರೊಳಗೇ ಮುಗಿದುಹೋಗುತ್ತದೆ. ತೀರ್ಪುಗಾರರಲ್ಲಿ ಒಬ್ಬರಾದರೂ ಮೇಳದ ಹಿರಿಯರು ಇರಲಿ. ನಮ್ಮ ತಾಲೂಕಿನಲ್ಲಿ ಅಂಥವರು ಇನ್ನೂ ಇದ್ದಾರೆ. ಅವರಿಗೆ ಹೋಗಿ ಬರುವ ಬಸ್ ಚಾರ್ಜು, ಒಂದು ಶಾಲು ಕೊಟ್ಟರೆ ಸಾಲದು, ಸರಿಯಾದ ಗೌರವಧನವನ್ನೇ ಕೊಡಬೇಕು.

ನಿಮ್ಮಲ್ಲೂ ಒಂದು ಬೇಡಿಕೆ ಇದೆ. ಡಿಸೆಂಬರ್‌ನಲ್ಲಿ ಹಲಗಲಿಯ ವೀರರನ್ನು ಗಲ್ಲಿಗೇರಿಸಿದ ದಿನಗಳು ಬಂದಾಗ, ಪುರವಣಿಯಲ್ಲಿ ಒಂದು ಪುಟ ಬಿಟ್ಟುಕೊಟ್ಟು ಈ ಲಾವಣಿಯನ್ನು ಪೂರ್ತಿಯಾಗಿ ಅಚ್ಚು ಹಾಕಿ. ಕಷ್ಟವಾದ ಪದಗಳಿಗೆ ಕೆಳಗೆ ಅರ್ಥ ಕೊಡಿ. ಆ ಪುಟವನ್ನು ನಾನು ಗಿರಣಿಯ ಗೋಡೆಗೆ ಅಂಟಿಸುತ್ತೇನೆ. ಹಿಟ್ಟು ಬೀಸುವವರೆಗೆ ಪಾಳಿ ಹಚ್ಚಿ ನಿಲ್ಲುವವರು ಓದಿಕೊಳ್ಳುತ್ತಾರೆ.

ಇಂತಿ,
ಗಿರಣಿ ನಡೆಸುವ ಒಬ್ಬ ತಾಯಿ
ಮುಧೋಳ, ಬಾಗಲಕೋಟೆ ಜಿಲ್ಲೆ