ಕನ್ಸರ್ವೆನ್ಸಿಯಲ್ಲೇ ಆಡೋಣ ಕಣೋ: ಗೆಳೆಯನಿಗೊಂದು ಪತ್ರ

ಲೋ ಗೆಳೆಯ,

ನಿನ್ನ ಪ್ಲೇಗ್ ನಾಟಕಕ್ಕೆ ಜಾಗ ಸಿಕ್ಕಿತು. ಈಗಲೇ ಖುಷಿ ಪಡಬೇಡ, ಪೂರ್ತಿ ಓದು. ಜಾಗ ಸಿಕ್ಕಿದ ಮೇಲೆ ನಿನ್ನ ಎರಡನೇ ದೃಶ್ಯವೇ ಸರಿಯಿಲ್ಲ ಅನ್ನಿಸೋಕೆ ಶುರುವಾಗಿದೆ. ಫೋನಿನಲ್ಲಿ ಹೇಳಿದರೆ ಜಗಳ ತೆಗೀತೀಯ, ಅದಕ್ಕೇ ಬರೆಯುತ್ತಿದ್ದೇನೆ. ತಂಡದ ಹೊಸಬರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡ್ಕೋಬೇಡ.

ಮೂರು ಭಾನುವಾರ ಮಲ್ಲೇಶ್ವರಂ ಸುತ್ತಿದೆವು. ನಾನು, ಲೈಟಿನ ಹುಡುಗ, ಮತ್ತೆ ಪ್ಲೇಗ್ ಆಫೀಸರ್ ಪಾರ್ಟು ಮಾಡುವ ನಮ್ಮ ರಿಟೈರ್ಡ್ ಮೇಷ್ಟ್ರು. ಮೊದಲನೇ ವಾರ ಮಾಡಿದ ದಡ್ಡತನ ಕೇಳು. ಬೆಳಗ್ಗೆ ಆರೂವರೆಗೆ ಹೊರಟೆವು. ಆ ಹೊತ್ತಿನಲ್ಲಿ ಮಲ್ಲೇಶ್ವರಂನ ಯಾವ ಮೂಲೆಗೆ ಹೋದರೂ ರಂಗಮಂದಿರದ ಹಾಗೇ ಇರುತ್ತದೆ. ಹೂವಿನವರು ಬುಟ್ಟಿ ಇಳಿಸುತ್ತಿರುತ್ತಾರೆ, ಮರಗಳ ಮಧ್ಯೆ ಬಿಸಿಲು ಓರೆಯಾಗಿ ಬೀಳುತ್ತಿರುತ್ತದೆ, ಎಲ್ಲಿ ನಿಂತು ಮಾತಾಡಿದರೂ ದನಿ ಖಣಿ ಖಣಿ ಅನ್ನುತ್ತದೆ. ಐದು ಜಾಗ ಗುರುತು ಹಾಕಿಕೊಂಡು ದೋಸೆ ತಿಂದು ಮನೆಗೆ ಹೋದೆವು. ಬುಧವಾರ ಸಂಜೆ ಏಳಕ್ಕೆ ಅದೇ ಐದು ಜಾಗಕ್ಕೆ ಹೋಗಿ ನೋಡಿದರೆ ಐದೂ ಢಮಾರ್. ನಾಟಕ ಆಡೋದು ಸಂಜೆ, ಜಾಗ ನೋಡೋದು ಬೆಳಗ್ಗೆ! ಮೇಷ್ಟ್ರು ನಕ್ಕಿದ್ದೇ ನಕ್ಕಿದ್ದು.

ಹದಿನೆಂಟನೇ ಕ್ರಾಸಿನ ಮೈದಾನ ನಿನ್ನ ಮೊದಲ ಆಸೆ ಆಗಿತ್ತಲ್ಲ. ಜಾಗ ದೊಡ್ಡದು, ನಿಜ. ಆದರೆ ಬಯಲಲ್ಲಿ ಮಾತು ನಿಲ್ಲೋದೇ ಇಲ್ಲ ಕಣೋ. ಹದಿನೈದು ಹೆಜ್ಜೆ ಆಚೆ ನಿಂತು ಮೇಷ್ಟ್ರು "ಊರು ಬಿಡಿ, ಊರು ಬಿಡಿ" ಅಂತ ಕಿರುಚಿದರೆ ನನಗೆ ಕೇಳಿಸಿದ್ದು ಬಸ್ಸಿನ ಹಾರ್ನು. ಮೈಕ್ ಹಾಕಬಹುದು. ಹಾಕಿದರೆ ಅದು ಗಣೇಶೋತ್ಸವದ ಕಾರ್ಯಕ್ರಮ ಆಗಿಬಿಡುತ್ತದೆ. ಮೈಕ್ ಬೇಡ ಅಂತ ನಾವು ಮೊದಲೇ ಮಾತಾಡಿಕೊಂಡಿದ್ದೆವು, ಅದನ್ನು ಮಾತ್ರ ನಾನು ಬಿಡುವುದಿಲ್ಲ.

ಕಾಡು ಮಲ್ಲೇಶ್ವರನ ಗುಡಿ ಹತ್ತಿರದ ಅರಳಿ ಮರ, ನಾಗರಕಲ್ಲು, ಕಲ್ಲಿನ ಮೆಟ್ಟಿಲು, ಎಲ್ಲ ಯಾರೋ ಸೆಟ್ ಹಾಕಿಟ್ಟ ಹಾಗಿದೆ. ಆದರೆ ಸಂಜೆ ಅದು ದೇವರ ಜಾಗ, ಭಕ್ತರ ಜಾಗ. ಗಂಟೆ ಬಾರಿಸಬೇಡಿ, ನಮ್ಮ ಮೂರನೇ ದೃಶ್ಯ ನಡೀತಿದೆ ಅಂತ ಯಾರಿಗೆ ಹೇಳೋದು? ಸ್ಯಾಂಕಿ ಕೆರೆ ದಂಡೆಗೂ ಹೋದೆವು. ವಾಕಿಂಗಿನವರು ನಮ್ಮ ಮಧ್ಯದಿಂದಲೇ ಹಾದು ಹೋದರು, ಒಬ್ಬರೂ ತಿರುಗಿ ನೋಡಲಿಲ್ಲ. ರೈಲ್ವೆ ಸ್ಟೇಷನ್ ಬಗ್ಗೆ ನೀನು ಬರೆದಿದ್ದೆ. ಪ್ಲೇಗ್ ಬಂದಿದ್ದೇ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ, ಆದ್ದರಿಂದ ಪ್ಲಾಟ್‌ಫಾರ್ಮಿನಲ್ಲೇ ಶುರು ಮಾಡೋಣ ಅಂತ. ಐಡಿಯಾ ಚೆನ್ನಾಗಿದೆ. ಅನುಮತಿ ಸಿಗುವಷ್ಟರಲ್ಲಿ ನಮ್ಮ ನಾಯಕನಿಗೆ ಮೊಮ್ಮಕ್ಕಳಾಗಿರುತ್ತಾರೆ.

ಆ ಹಳೇ ಮನೆ ವಿಷಯ ಹೇಳೋಕೆ ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಮಂಗಳೂರು ಹೆಂಚು, ಮುಂದೆ ಮಂಕಿ ಟಾಪ್ ಅನ್ನುವ ಚೂಪು ತುದಿಯ ಮರದ ಮಾಡು, ಎರಡು ಕಡೆ ಕಟ್ಟೆ, ಅಂಗಳದಲ್ಲಿ ಸಂಪಿಗೆ ಮರ. ಹೋದ ವರ್ಷ ನಾವಿಬ್ಬರೂ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದ್ದೆವಲ್ಲ, ಅದೇ ಮನೆ. ಎರಡನೇ ಭಾನುವಾರ ಅಲ್ಲಿಗೆ ಹೋದರೆ ಸುತ್ತ ತಗಡು ಹೊಡೆದಿದ್ದರು. ಒಳಗೆ ಕಿಟಕಿ ಬಾಗಿಲು ಎಲ್ಲ ಕಿತ್ತು ಗೋಡೆಗೆ ಒರಗಿಸಿಟ್ಟಿದ್ದರು, ಮೇಲೆ ಸೀಮೆಸುಣ್ಣದಲ್ಲಿ ರೇಟು. ಲೈಟಿನ ಹುಡುಗ ಒಂದು ಬಾಗಿಲು ಕೊಂಡುಕೊಳ್ಳೋಣ ಅಂದ. ಕೊಂಡುಕೊಂಡೆವು. ಈಗ ನಮ್ಮ ಮನೆ ಪ್ಯಾಸೇಜಿನಲ್ಲಿದೆ, ದಿನಕ್ಕೆರಡು ಸಲ ಕಾಲಿಗೆ ತಾಗುತ್ತದೆ. ನಾಟಕದಲ್ಲಿ ಎಲ್ಲಾದರೂ ಒಂದು ಬಾಗಿಲು ಸೇರಿಸು ದಯವಿಟ್ಟು, ಇಲ್ಲದಿದ್ದರೆ ಹೆಂಡತಿ ನನ್ನನ್ನೇ ಆಚೆ ಹಾಕುತ್ತಾಳೆ.

ಆ ತಗಡು ನೋಡಿ ಬೇಜಾರಾಗಿ, ಅಡ್ಡದಾರಿ ಅಂತ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯಲ್ಲಿ ಕಾಲಿಟ್ಟೆವು ನೋಡು. ಅಲ್ಲೇ ಸಿಕ್ಕಿದ್ದು.

ಹೊಸಬರಿಗೆ ಗೊತ್ತಿರಲಿ ಅಂತ ಬರೆಯುತ್ತೇನೆ, ನಿನಗೆ ಇದೆಲ್ಲ ಬಾಯಿಪಾಠ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು, ಗಾಳಿ ಬೆಳಕು ಕಡಿಮೆ. ಜನ ಮನೆ ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಅದಕ್ಕೂ ಮೊದಲೇ ಶುರುವಾಗಿದ್ದ ಮಲ್ಲೇಶ್ವರಂ, ಬಸವನಗುಡಿ ಎರಡೂ ಆ ಭಯದಲ್ಲೇ ಬೇಗ ಬೆಳೆದದ್ದು. ಅಗಲ ರಸ್ತೆ, ಮನೆಗಳ ಮಧ್ಯೆ ಅಂತರ, ಮುಂದೆ ಅಂಗಳ, ಮನೆಗಳ ಬೆನ್ನಿಗೆ ಒಂದು ಸಣ್ಣ ಗಲ್ಲಿ. ಆ ಗಲ್ಲಿಯೇ ಕನ್ಸರ್ವೆನ್ಸಿ. ಈಗ ಅಲ್ಲಿ ಇರೋದು ಒಡೆದ ಕಮೋಡು, ಹಳೇ ಹಾಸಿಗೆ, ಸ್ಕೂಟರ್, ಬೆಕ್ಕು. ಮಲ್ಲೇಶ್ವರಂನಲ್ಲೇ ಕೆಲವು ಗಲ್ಲಿಗಳನ್ನು ಗುಡಿಸಿ, ಗೋಡೆಗೆ ಚಿತ್ರ ಬರೆದು ಚಂದ ಮಾಡಿದ್ದಾರೆ. ನಮ್ಮದು ಅದಲ್ಲ. ನಮ್ಮದರಲ್ಲಿ ಇನ್ನೂ ಕಸವೇ ಇದೆ, ನನಗೆ ಅದೇ ಇಷ್ಟ ಆಯಿತು.

ಲೆಕ್ಕ ಕೇಳು. ಅಗಲ ಸುಮಾರು ಆರು ಹೆಜ್ಜೆ. ಎರಡೂ ಕಡೆ ಗೋಡೆ ಇರುವುದರಿಂದ ಮಾತು ಎಲ್ಲೂ ಸೋರಿ ಹೋಗಲ್ಲ. ಮೇಷ್ಟ್ರನ್ನು ಒಂದು ತುದಿಗೆ ನಿಲ್ಲಿಸಿ ಪಿಸುಮಾತಿನಲ್ಲಿ ಡೈಲಾಗ್ ಹೇಳಿಸಿದೆ. ನಾನು ಇಪ್ಪತ್ತೈದು ಹೆಜ್ಜೆ ದೂರ ಇದ್ದೆ. ಒಂದೊಂದು ಅಕ್ಷರವೂ ಕೇಳಿಸಿತು, ಆಮೇಲೆ ಅವರು ಲೈಟಿನ ಹುಡುಗನ ಹತ್ತಿರ ನನ್ನ ಬಗ್ಗೆ ಗೊಣಗಿದ್ದೂ ಕೇಳಿಸಿತು. ಚಪ್ಪಾಳೆ ಹೊಡೆದರೆ ಮಾತ್ರ ಟಕ್ ಅಂತ ವಾಪಸ್ ಬರುತ್ತದೆ. ಅದಕ್ಕೆ ಕೊನೆಯ ಗೋಡೆ ಮೇಲೆ ಜಮಖಾನ ಇಳಿಬಿಟ್ಟರೆ ಸಾಕು.

ಜನ ಅರವತ್ತಕ್ಕಿಂತ ಜಾಸ್ತಿ ಹಿಡಿಯಲ್ಲ. ಮುಂದಿನವರು ಚಾಪೆ ಮೇಲೆ, ಅವರ ಹಿಂದೆ ಸ್ಟೂಲು, ಕೊನೆಯವರು ನಿಂತುಕೊಳ್ಳಲಿ. ಎಲ್ಲರಿಗೂ ಕುರ್ಚಿ ಹಾಕಿದರೆ ಮೂರನೇ ಸಾಲಿನವರಿಗೆ ಬರೀ ತಲೆ ಕಾಣುತ್ತದೆ. 2010ರಲ್ಲಿ ಮೈಸೂರು ರಂಗಾಯಣದಲ್ಲಿ 'ಮಲೆಗಳಲ್ಲಿ ಮದುಮಗಳು' ನೋಡೋಕೆ ಹೋಗಿದ್ದೆವಲ್ಲ, ರಾತ್ರಿಯಿಡೀ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಚಾಪೆ ಹೊತ್ತುಕೊಂಡು ಓಡಿದ್ದು. ಅಷ್ಟು ದೊಡ್ಡದು ನಮ್ಮ ಕೈಲಾಗಲ್ಲ, ಆದರೆ ಎದ್ದು ನಡೆಸುವ ಆಟ ನಮಗೂ ಸಾಧ್ಯ. ಮೊದಲ ದೃಶ್ಯ ರಸ್ತೆ ಬದಿಯಲ್ಲಿ, ಮನೆಗಳ ಮುಂಬಾಗಿಲ ಕಡೆ. ಆಮೇಲೆ ಜನರನ್ನು ಮೂಲೆ ತಿರುಗಿಸಿ ಹಿಂದಿನ ಗಲ್ಲಿಗೆ ಕರೆದುಕೊಂಡು ಬರೋಣ. ರಂಗಶಂಕರದಲ್ಲಿ ತಡವಾಗಿ ಬಂದವರಿಗೆ ಬಾಗಿಲು ಹಾಕುತ್ತಾರೆ. ನಮಗೆ ಬಾಗಿಲೇ ಇಲ್ಲ, ಹಾಲಿನವನೂ ಮಧ್ಯದಲ್ಲಿ ಬರಬಹುದು. ಬರಲಿ ಬಿಡು.

ಕರೆಂಟು ಗಲ್ಲಿಗೆ ತಾಗಿದ ಮನೆಯ ಅಜ್ಜಿಯವರು ಕೊಡುತ್ತೇನೆ ಅಂದಿದ್ದಾರೆ. 5 ಆಂಪ್ ಪ್ಲಗ್ಗು, 230 ವೋಲ್ಟು, ಅಂದರೆ 1150 ವಾಟ್. ಸ್ಟೇಜಿಗೆ ಹಾಕುವ ನಮ್ಮ ಹಳೇ ಪಾರ್ ಲೈಟು ಒಂದಕ್ಕೇ ಸಾವಿರ ವಾಟ್ ಬೇಕು, ಎರಡನೆಯದು ಹಾಕಿದ ಕೂಡಲೇ ಅಜ್ಜಿ ಮನೆ ಸೀರಿಯಲ್ ಬಂದ್. ಎಲ್‌ಇಡಿ ಬಾಡಿಗೆಗೆ ತರಬೇಕು, ನಾಲ್ಕು ಸಾಕು ಅಂತ ಹುಡುಗ ಹೇಳಿದ್ದಾನೆ. ಬೀದಿದೀಪ ಒಂದಿದೆ, ಬಿಳೀ ಬೆಳಕು, ಸರಿಯಾಗಿ ನಾಯಕಿ ಸಾಯುವ ಜಾಗದ ಮೇಲೆ ಬೀಳುತ್ತದೆ. ಅದನ್ನು ಆರಿಸೋಕೆ ಆಗಲ್ಲ, ನಾಯಕಿಯನ್ನೇ ನಾಲ್ಕು ಹೆಜ್ಜೆ ಸರಿಸಿ ಸಾಯಿಸೋಣ.

ದಿನ ಜನವರಿ ಕೊನೆ ಇರಲಿ. ಮಳೆ ಭಯ ಇಲ್ಲ, 6.20ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. 6.45ಕ್ಕೆ ಶುರು ಮಾಡಿದರೆ ಎಂಟರ ಒಳಗೆ ಮುಗಿಯಬೇಕು, ಯಾಕೆಂದರೆ ಎಂಟಕ್ಕೆ ಕುಕ್ಕರ್ ಸೀಟಿ ಶುರು. ನಾನು ಎರಡು ಸಂಜೆ ಕೂತು ಎಣಿಸಿದ್ದೇನೆ. ಎಂಟರಿಂದ ಎಂಟೂವರೆ ಒಳಗೆ ಒಂದು ದಿನ ಮೂವತ್ತೊಂದು ಸೀಟಿ, ಇನ್ನೊಂದು ದಿನ ಇಪ್ಪತ್ತಾರು. ಗಲ್ಲಿಗೆ ಹಿಂದುಗಡೆ ಅಡುಗೆಮನೆಗಳೇ ಇರೋದಲ್ವಾ. ಹೆಂಗಸರ ಗ್ರೀನ್‌ರೂಮಿಗೂ ಬಾತ್‌ರೂಮಿಗೂ ಅಜ್ಜಿ ಮನೆಯೇ. ಜಾಗ ನೋಡೋಕೆ ಹೋದವರು ಇದನ್ನು ಮೊದಲು ಕೇಳಬೇಕು, ನಾವು ಗಂಡಸರು ಮೂರು ಜನ ಕೊನೆಗೆ ಕೇಳಿದೆವು. ಪೊಲೀಸ್ ಸ್ಟೇಷನ್ನಿಗೂ ವಾರ್ಡ್ ಆಫೀಸಿಗೂ ಅರ್ಜಿ ಬರೆದಿಟ್ಟಿದ್ದೇನೆ. ಅದಕ್ಕಿಂತ ಮುಖ್ಯ, ಗಲ್ಲಿಯ ಹದಿನಾಲ್ಕು ಮನೆಗೂ ಹೋಗಿ ಹೇಳಿ ಬಂದೆವು. ಹದಿಮೂರು ಮನೆಯವರು ಹೂಂ ಅಂದರು. ಒಬ್ಬರು ಮಾತ್ರ, "ಕನ್ಸರ್ವೆನ್ಸಿಯಲ್ಲಾ? ಥೂ, ಬೇರೆ ಜಾಗ ಸಿಗಲಿಲ್ವಾ?" ಅಂದರು.

ಆ "ಥೂ" ನನ್ನ ತಲೆಯಿಂದ ಹೋಗಲಿಲ್ಲ.

ಅಜ್ಜಿ ಮನೆಯ ಹಿಂದಿನ ಗೋಡೆಯಲ್ಲಿ ನೆಲಕ್ಕೆ ತಾಗಿದ ಹಾಗೆ ಒಂದು ಚೌಕ ಇದೆ. ಇಟ್ಟಿಗೆ ಇಟ್ಟು ಮುಚ್ಚಿ ಗಾರೆ ಮಾಡಿದ್ದಾರೆ, ಆದರೂ ಗುರುತು ಕಾಣುತ್ತದೆ. ಪಕ್ಕದ ಮನೆಯಲ್ಲೂ ಇದೆ, ಅದರ ಪಕ್ಕದ್ದರಲ್ಲೂ. ಇಲಿ ಬರೋಕೆ ಕಿಂಡಿನಾ ಅಂತ ಲೈಟಿನ ಹುಡುಗ ಕೇಳಿದ, ಪ್ಲೇಗ್ ನಾಟಕ ಅಲ್ವಾ, ಅವನ ತಲೆ ತುಂಬ ಇಲಿಯೇ. ಅಜ್ಜಿ ಹೇಳಿದರು. ಒಳಗಡೆ ಕಕ್ಕಸು, ಕೆಳಗೆ ಬಕೆಟ್ಟು. ಬೆಳಗಿನ ಜಾವ ಆ ಕಿಂಡಿಯಿಂದ ಬಕೆಟ್ ಎಳೆದು, ಮಲ ತುಂಬಿಕೊಂಡು, ತಲೆ ಮೇಲೆ ಹೊತ್ತು ಹೋಗುತ್ತಿದ್ದರು. ಈ ಗಲ್ಲಿ ಅವರಿಗಾಗಿ ಮಾಡಿದ್ದು, ಅವರು ಮುಂಬಾಗಿಲ ಕಡೆ ಬರಬಾರದು ಅಂತ. ದೇವರಾಜ ಅರಸರ ಸರ್ಕಾರದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಆ ಪದ್ಧತಿ ನಿಲ್ಲಿಸುವವರೆಗೂ ಕೆಲವು ಮನೆಗಳಲ್ಲಿ ಅದು ನಡೆದಿತ್ತಂತೆ. ಅಜ್ಜಿ 1958ರಲ್ಲಿ ಮದುವೆಯಾಗಿ ಈ ಮನೆಗೆ ಬಂದವರು. ಹತ್ತು ಹನ್ನೆರಡು ವರ್ಷ ಒಬ್ಬನೇ ಬರುತ್ತಿದ್ದನಂತೆ. ಹಬ್ಬಕ್ಕೆ ಹೋಳಿಗೆ ಕೊಡುತ್ತಿದ್ದೆ ಅಂದರು. ಎಲ್ಲಿ ಕೊಡುತ್ತಿದ್ದಿರಿ ಅಂತ ಮೇಷ್ಟ್ರು ಕೇಳಿದರು. "ಇಲ್ಲೇ, ಗೋಡೆ ಮೇಲೆ ಇಡ್ತಿದ್ದೆ." ಹೆಸರೇನು ಅವನದು ಅಂತ ನಾನು ಕೇಳಿದೆ. ಅಜ್ಜಿ ತುಂಬಾ ಹೊತ್ತು ಯೋಚನೆ ಮಾಡಿದರು. "ಕೇಳಲೇ ಇಲ್ಲ ನೋಡಪ್ಪಾ," ಅಂದರು.

ಈಗ ನಿನ್ನ ಸ್ಕ್ರಿಪ್ಟು ತೆಗೆದು ನೋಡು. ಹನ್ನೊಂದು ಪಾತ್ರ. ದಿವಾನರ ಆಫೀಸಿನವನು ಇದ್ದಾನೆ, ಡಾಕ್ಟರು, ವ್ಯಾಪಾರಿ, ಪುರೋಹಿತರು, ಪ್ಲೇಗಮ್ಮನ ಪೂಜಾರಿ, ಓಡಿಹೋಗುವ ಪ್ರೇಮಿಗಳೂ ಇದ್ದಾರೆ. ಎರಡನೇ ದೃಶ್ಯದಲ್ಲಿ ಇಂಜಿನಿಯರ್ ನಕ್ಷೆ ಬಿಡಿಸಿ ಹೊಸ ಬಡಾವಣೆ ತೋರಿಸುತ್ತಾನೆ, "ಇಲ್ಲಿ ಗಾಳಿ, ಇಲ್ಲಿ ಬೆಳಕು" ಅಂತ. ಚೆನ್ನಾಗಿದೆ, ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬರುತ್ತದೆ. ಆದರೆ ಅದನ್ನು ಈ ಗಲ್ಲಿಯಲ್ಲಿ, ಆ ಮುಚ್ಚಿದ ಕಿಂಡಿಗಳ ಎದುರು ಹೇಳಿಸಿದರೆ ಸುಳ್ಳಾಗುತ್ತದೆ ಕಣೋ. ನಕ್ಷೆಯಲ್ಲಿ ಈ ಗಲ್ಲಿಯೂ ಇತ್ತಲ್ಲ. ಊರಿಗೆ ಊರೇ ಸಾವಿಗೆ ಹೆದರಿ ಹೊಸ ಜಾಗಕ್ಕೆ ಬಂದಾಗ ಆ ಕೆಲಸದವನೂ ಜೊತೆಗೇ ಬಂದ, ಆದರೆ ಅವನಿಗೆ ಕೊಟ್ಟಿದ್ದು ಬೆನ್ನ ಹಿಂದಿನ ದಾರಿ. ನಿನ್ನ ಹನ್ನೊಂದರಲ್ಲಿ ಅವನು ಇಲ್ಲ. ನನಗೂ ಆ ಗೋಡೆ ನೋಡುವವರೆಗೆ ಹೊಳೆದಿರಲಿಲ್ಲ, ನಿನ್ನೊಬ್ಬನದೇ ತಪ್ಪು ಅಂತ ಹೇಳುತ್ತಿಲ್ಲ.

ಪಾಪ ಅನ್ನಿಸುವ ಭಾಷಣ ಬರೀಬೇಡ. ಅವನಿಗೆ ಮಾತು ಬೇಕೋ ಬೇಡವೋ ಅಂತ ನನಗೂ ಗೊತ್ತಾಗುತ್ತಿಲ್ಲ. ಬೆಳಗ್ಗೆ ಗಲ್ಲಿ ಗುಡಿಸೋಕೆ ಬರುವ ಪೌರಕಾರ್ಮಿಕರ ಜೊತೆ ಎರಡು ದಿನ ಟೀ ಕುಡಿದಿದ್ದೇನೆ. ಒಬ್ಬರು ರಿಹರ್ಸಲ್ ನೋಡೋಕೆ ಬರುತ್ತೇನೆ ಅಂದಿದ್ದಾರೆ. ಅವರ ಎದುರು ಓದಿ ತೋರಿಸುವ ಧೈರ್ಯ ಬರುವ ಹಾಗೆ ಬರಿ, ಅಷ್ಟೇ. ಇಂಜಿನಿಯರನ ನಕ್ಷೆ ಇರಲಿ, ಬೇಕಾದರೆ ಆ ಬಾಗಿಲು ಅಲ್ಲಿ ಬರಲಿ. ಮುಂಬಾಗಿಲು, ಹಿಂದಿನ ಗಲ್ಲಿಯಲ್ಲಿ ನಿಂತಿರುವುದು. ಸುಮ್ನೆ ಹೇಳಿದೆ.

ಶನಿವಾರದ ಒಳಗೆ ಎರಡನೇ ದೃಶ್ಯ ಕಳಿಸು. ಭಾನುವಾರ ನೀನೇ ಬಂದರೆ ಇನ್ನೂ ಒಳ್ಳೆಯದು, ಸಂಜೆ ಆರಕ್ಕೆ, ಬೆಳಗ್ಗೆ ಅಲ್ಲ. ಹಳೇ ಚಪ್ಪಲಿ ಹಾಕ್ಕೊಂಡು ಬಾ, ಮೂರನೇ ಮನೆಯ ಪೈಪು ಇನ್ನೂ ಸೋರುತ್ತಿದೆ.

ನಿನ್ನವ