ಬೆಳಕು ಮುಟ್ಟುವಷ್ಟೇ ವೇಗ

ಪ್ರೀತಿಯ ಪುಟ್ಟಾ,

ಆಶೀರ್ವಾದಗಳು. ಇನ್ನು ಮುಂದೆ ಕತ್ತಲಾದ ಮೇಲೂ ಕಾಡಂಚಿನ ರಸ್ತೆಯಲ್ಲಿ ಓಡಾಡುತ್ತೀಯೆಂದು ತಿಳಿಯಿತು. ಅಲ್ಲಿ ಕಾಡುಪ್ರಾಣಿ ಅಡ್ಡ ಬರಬಹುದು, ಹಾಗಾಗಿ ನಿನ್ನ ವೇಗ ಎಷ್ಟಿರಬೇಕೆಂಬುದನ್ನು ಹೆಡ್‌ಲೈಟಿಗೆ ಬಿಡು, ರಸ್ತೆ ಬದಿಯ ಫಲಕಕ್ಕಲ್ಲ.

ಲೆಕ್ಕ ನೋಡು. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಬೀಳುವ ಒಂದೂವರೆ ಸೆಕೆಂಡಿನಲ್ಲೇ 33 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲೂ ನಿಲ್ಲಲು ಇನ್ನೊಂದು 35 ಬೇಕು, ಒಟ್ಟು 68 ಮೀಟರ್. ಡಿಮ್ ಲೈಟಿನಲ್ಲಿ ನೆಚ್ಚಿಕೊಳ್ಳಬಹುದಾದ ನೋಟ ಸುಮಾರು 50 ಮೀಟರ್. ಮಿಕ್ಕ ದೂರದಲ್ಲಿ ಪ್ರಾಣಿ ನಿಂತಿರುತ್ತದೆ! 60ಕ್ಕೆ ಇಳಿಸಿದರೆ ಒಟ್ಟು 45 ಮೀಟರಿಗೆ ನಿಲ್ಲುತ್ತೀಯ. ಮಳೆಯಲ್ಲಿ ಅದೂ ಹೆಚ್ಚು.

ಎದುರಿಗೆ ವಾಹನವಿಲ್ಲದಾಗ ಹೈಬೀಮ್ ಹಾಕಿಕೋ. ವಿಂಡ್‌ಶೀಲ್ಡಿನ ಒಳಮೈಯನ್ನೂ ಒರೆಸು, ಅಲ್ಲಿನ ಜಿಡ್ಡು ಎದುರಿನ ಬೆಳಕನ್ನು ಚೆದುರಿಸಿ ಏನೂ ಕಾಣದಂತೆ ಮಾಡುತ್ತದೆ. ಜಿಂಕೆಯ ಕಣ್ಣು ದೂರದಿಂದಲೇ ಮಿನುಗುತ್ತದೆ, ಆದರೆ ಹಂದಿಯ ಕಣ್ಣಿನಲ್ಲಿ ಬೆಳಕನ್ನು ಮರಳಿಸುವ ಪದರವೇ ಇಲ್ಲ. ಕಪ್ಪು ಡಾಂಬರಿನ ಮೇಲೆ ಕಪ್ಪು ಹಂದಿ! ಹೊಳಪನ್ನೇ ನಂಬಿ ಕೂರಬೇಡ. ಮುಸ್ಸಂಜೆ, ನಸುಕು, ತೊರೆ ದಾಟುವ ಕಡೆ, ಪೊದೆ ರಸ್ತೆಗೇ ಒತ್ತಿಕೊಂಡಿರುವ ತಿರುವು: ಇಲ್ಲೆಲ್ಲ ವೇಗ ತಗ್ಗಿಸು. ಒಂದು ಜಿಂಕೆ ದಾಟಿತೆಂದು ಆಕ್ಸಿಲರೇಟರ್ ಒತ್ತಬೇಡ, ಹಿಂದೆ ಇನ್ನೂ ಎರಡು ಇರುತ್ತವೆ.

ಅಡ್ಡ ಬಂದೇಬಿಟ್ಟರೆ ಸ್ಟಿಯರಿಂಗ್ ಎಳೆಯಬೇಡ. ಜೀವ ಹೋಗುವುದು ಹೆಚ್ಚಾಗಿ ಮರಕ್ಕೋ ಎದುರಿನ ಲಾರಿಗೋ ಗುದ್ದಿದಾಗ. ನೇರವಾಗಿ, ಬಲವಾಗಿ ಬ್ರೇಕ್ ಒತ್ತು; ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇದ್ದರೆ ಪೆಡಲ್ ಅದುರುತ್ತದೆ, ಹೆದರಿ ಕಾಲು ತೆಗೆಯಬೇಡ. ಪ್ರಾಣಿ ಬೆಳಕಿಗೆ ಕಣ್ಣು ಕೋರೈಸಿ ಅಲ್ಲೇ ನಿಂತರೆ ಕಾರು ನಿಲ್ಲಿಸಿ ಲೈಟ್ ಡಿಮ್ ಮಾಡು, ಹೋಗಲು ಬಿಡು. ಆನೆಯಾದರೆ ಹಾರನ್ ಮುಟ್ಟಲೇಬೇಡ, ದೂರದಲ್ಲೇ ನಿಲ್ಲು.

ಗುದ್ದಿಯೇ ಬಿಟ್ಟರೆ ಹಜಾರ್ಡ್ ಲೈಟ್ ಹಾಕಿ, ಹಿಂದೆ ಸುಮಾರು 50 ಮೀಟರಿನಲ್ಲಿ ತ್ರಿಕೋನ ಫಲಕ ಇಡು. ಗಾಯಗೊಂಡ ಪ್ರಾಣಿಯ ಹತ್ತಿರ ಹೋಗಬೇಡ, ಕೊಂಬು, ಹಲ್ಲು ಎರಡಕ್ಕೂ ನೋವಿನಲ್ಲಿ ಬಲ ಹೆಚ್ಚು. ಅರಣ್ಯ ಇಲಾಖೆಗೋ ಪೊಲೀಸರಿಗೋ ತಿಳಿಸು. ಹೊರಡುವ ಮುಂಚೆ ಕಾರಿನ ಮುಂಭಾಗದಡಿ ಬಗ್ಗಿ ನೋಡು. ಬಣ್ಣದ ನೀರು ತೊಟ್ಟಿಕ್ಕುತ್ತಿದ್ದರೆ ರೇಡಿಯೇಟರ್ ಒಡೆದಿರಬಹುದು, ಎಂಜಿನ್ ಚಾಲೂ ಮಾಡದೆ ಟೋಯಿಂಗ್ ಗಾಡಿ ಕರೆಸು.

ಇಂತಿ,
ನಿನ್ನ ದೊಡ್ಡಪ್ಪ