ಹೆಸರು ಹೇಳದೆ ಹೊರಟವರಿಗೆ ಧನ್ಯವಾದ

ಹಳೆಯ ಮಿನಿ ಕಾರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿಯ ಕರೆಂಟ್ ಹಂಚುವ ಭಾಗ) ಕೂರಿಸಲು ಜೊತೆಗೆ ನಿಂತ ನಿಮಗೆ ತುಂಬಾ ಥ್ಯಾಂಕ್ಸ್. ಹಳೆಯದನ್ನು ಬಿಚ್ಚುವ ಮೊದಲೇ ಅದರೊಳಗೆ ತಿರುಗುವ ರೋಟರ್ ಯಾವ ಕಡೆ ನಿಂತಿದೆ ಎಂದು ಚಾಕ್‌ನಲ್ಲಿ ಗುರುತು ಹಾಕಿಸಿದಿರಿ. ಡಿಸ್ಟ್ರಿಬ್ಯೂಟರ್ ಬುಡದ ಕಚ್ಚು ನಡುವಿನಿಂದ ಸ್ವಲ್ಪ ಸರಿದಿರುತ್ತದೆ, ಒಂದೇ ರೀತಿ ಕೂರುತ್ತದೆ, ಸುಮ್ನೆ ಒತ್ತಬೇಡಿ, ರೋಟರ್ ತಿರುಗಿಸುತ್ತಾ ಇಳಿಸಿ ಅಂದಿರಿ. ಹಾಗೇ ಮಾಡಿದೆ, ಟಕ್ ಅಂತ ಕೂತಿತು! ಪ್ಲಗ್ ವೈರ್‌ಗಳನ್ನು ಸಿಲಿಂಡರ್‌ಗಳ 1-3-4-2 ಕ್ರಮದಲ್ಲಿ, ಗಡಿಯಾರದ ಎದುರು ದಿಕ್ಕಿಗೆ ಹಾಕಿದೆವು. ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಹೋಗುವ ಪ್ಲಸ್, ಮೈನಸ್ ಅದಲುಬದಲಾದರೆ ಡಿಸ್ಟ್ರಿಬ್ಯೂಟರ್ ಒಳಗಿನ ಎಲೆಕ್ಟ್ರಾನಿಕ್ ಮಾಡ್ಯೂಲ್ ಸುಟ್ಟುಹೋಗಬಹುದು ಎಂದು ನೀವು ಎಚ್ಚರಿಸಿದ್ದಕ್ಕೇ ನನ್ನ ಕೃತಜ್ಞತೆ ಜಾಸ್ತಿ. ಕೊನೆಗೆ ವ್ಯಾಕ್ಯೂಮ್ ಪೈಪ್ ಕಳಚಿ, ಅದರ ಬಾಯಿ ಮುಚ್ಚಿ, ಕಿಡಿ ಸರಿಯಾದ ಹೊತ್ತಿಗೆ ಬರುತ್ತಿದೆಯೇ ಎಂದು ನೋಡುವ ಟೈಮಿಂಗ್ ಲೈಟನ್ನೂ ನೀವೇ ಹಿಡಿದಿರಿ. ಹಳೆಯದರಲ್ಲಿದ್ದ ಪಾಯಿಂಟ್ (ಕರೆಂಟ್ ಕಡಿದು ಕೂಡಿಸುವ ಸ್ವಿಚ್) ಉಜ್ಜುವ ಕೆಲಸ ಇನ್ನಿಲ್ಲ, ಅಲ್ವಾ! ಎಂಜಿನ್ ತಣ್ಣಗಿದ್ದರೂ ಗಾಡಿ ಈಗ ಬೇಗ ಸ್ಟಾರ್ಟ್ ಆಗುತ್ತಿದೆ.